ತಟ್ಟೆಗೊಂದು ಸೋಬಾನೆ

ಕೆಟ್ಟ ವಸ್ತುವನ್ನು ರಿಪೇರಿ ಅಂಗಡಿಗೆ ಕೊಡುವ ಪದ್ಧತಿ ನಮ್ಮ ವಂಶದಲ್ಲಿಲ್ಲ. ನಮ್ಮ ತಾತ ಒಂದು ಕೊಡೆಯನ್ನು ಸರಿಮಾಡಲು ಹೋಗಿ ಊರುಗೋಲು ಮಾಡಿಕೊಂಡು, ಉಳಿದ ಆಯುಷ್ಯವನ್ನೆಲ್ಲ ಅದನ್ನೇ ಊರಿಕೊಂಡು ಕಳೆದರು. ಮಳೆ ಬಂದಾಗ ಮಾತ್ರ ಸ್ವಲ್ಪ ಪೇಚಾಡುತ್ತಿದ್ದರು. ನಮ್ಮಪ್ಪ ಗೋಡೆ ಗಡಿಯಾರ ಬಿಚ್ಚಿ ಮತ್ತೆ ಜೋಡಿಸಿದಾಗ ಒಂದು ಹಿಡಿ ಚಕ್ರ, ತಿರುಪು ಮಿಕ್ಕವು. ಅವನ್ನು ಅಂಗೈಯಲ್ಲಿ ಹಿಡಿದುಕೊಂಡು, "ಇಷ್ಟು ದಿನ ಇವನ್ನೆಲ್ಲ ಸುಮ್ಮನೆ ಹೊತ್ತಿತ್ತಲ್ಲ ಪಾಪ!" ಎಂದು ಗಡಿಯಾರದ ಮೇಲೆ ಮರುಕಪಟ್ಟರು. ಬಿಚ್ಚುವುದು ನಮಗೆ ರಕ್ತದಲ್ಲೇ ಬಂದಿದೆ. ಜೋಡಿಸುವುದು ಇನ್ಯಾರದೋ ರಕ್ತಕ್ಕೆ ಹೋಗಿರಬೇಕು. ಸಾಲದ್ದಕ್ಕೆ ನಾನು ಅರಸೀಕೆರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮಕ್ಕಳಿಗೆ ಬೆಳಕಿನ ಪ್ರತಿಫಲನ, ವಕ್ರೀಭವನ ಎಂದು ವರ್ಷವಿಡೀ ಬೋರ್ಡಿನ ಮೇಲೆ ಬಾಣ ಎಳೆಯುವ ಮನುಷ್ಯ, ಮನೆಯ ಮಿಕ್ಸಿ ಕೆಟ್ಟರೆ ಬೇರೆಯವರ ಹತ್ತಿರ ಹೋಗುವುದು ಹೇಗೆ? ಮರ್ಯಾದೆ ಎಂಬುದೊಂದು ಇದೆಯಲ್ಲ.

ನಮ್ಮ ಮನೆಯ ಕಂಪ್ಯೂಟರು ಈ ಮರ್ಯಾದೆಯ ಕೈಗೆ ಸಿಕ್ಕದೆ ಬಹಳ ಕಾಲ ತಪ್ಪಿಸಿಕೊಂಡಿತ್ತು. ಕಾರಣ, ಅದು ನನ್ನದಲ್ಲ, ನನ್ನ ಹೆಂಡತಿ ರಾಜೇಶ್ವರಿಯದು. ಅವಳು ಅದರಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣದ ಕಾರ್ಡು ಎಲ್ಲ ಮಾಡಿಕೊಡುತ್ತಾಳೆ. ಬಾಣಾವರದಿಂದ ಜಾವಗಲ್ಲಿನವರೆಗೆ ಯಾರ ಮನೆಯಲ್ಲಿ ಯಾವ ಮುಹೂರ್ತವೆಂಬುದು ಪುರೋಹಿತರಿಗಿಂತ ಮೊದಲು ಅವಳಿಗೆ ಗೊತ್ತು. ಅವಳು ಕನ್ನಡ ಟೈಪು ಮಾಡುವ ತಂತ್ರಾಂಶ ಎಷ್ಟು ಹಳೆಯದೆಂದರೆ, ಅದನ್ನು ಮಾಡಿದವರೇ ಅದನ್ನು ಮರೆತಿರಬೇಕು. ಕಂಪ್ಯೂಟರನ್ನು ನಡೆಸುವ ಯಜಮಾನ ತಂತ್ರಾಂಶ ಇರುತ್ತದಲ್ಲ, ಆಪರೇಟಿಂಗ್ ಸಿಸ್ಟಮ್ಮು, ಅದೂ ಅದೇ ಕಾಲದ್ದು. ಇವೆರಡೂ ಹಳೆಯ ಗಂಡಹೆಂಡಿರ ಹಾಗೆ ಒಂದನ್ನು ಬಿಟ್ಟು ಒಂದು ಇರುವುದಿಲ್ಲ. ಹೊಸ ಸಿಸ್ಟಮ್ಮಿನಲ್ಲಿ ಆ ಕಾರ್ಡುಗಳನ್ನು ತೆರೆದರೆ ವಧುವರರ ಹೆಸರಿನ ಜಾಗದಲ್ಲಿ ಬರೀ ಚೌಕಗಳು ಕಾಣುತ್ತವಂತೆ. ಹಾಗಾಗಿ "ಅದರ ತಂಟೆಗೆ ಬಂದರೆ ನೋಡಿ" ಎಂಬುದು ನಮ್ಮ ಮನೆಯ ಕಾಯಂ ಆಜ್ಞೆಯಾಗಿತ್ತು.

ಆ ಆಜ್ಞೆ ಸಡಿಲವಾದದ್ದು ನಮ್ಮ ಅತ್ತೆಯಿಂದ. ಅತ್ತೆ ಎಂದರೆ ರಾಜೇಶ್ವರಿಯ ತಾಯಿ ಗಂಗಮ್ಮನವರು. ಜಾವಗಲ್ಲಿನವರು, ಮಾವನವರು ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ. ಒಂದು ಕಾಲಕ್ಕೆ ಆ ಕಡೆ ಮದುವೆ ಎಂದರೆ ಗಂಗಮ್ಮನ ಸೋಬಾನೆ ಇರಲೇಬೇಕಿತ್ತಂತೆ. ಹೆಣ್ಣು ಒಪ್ಪಿಸುವಾಗ ಅವರು ಹಾಡಿದರೆ ಬೀಗರ ಕಡೆಯವರೂ ಅಳುತ್ತಿದ್ದರಂತೆ. ಬೀಗರ ಊಟಕ್ಕೆ ಕೂತಾಗ ಅದೇ ಬೀಗರನ್ನು ಹಾಡಿನಲ್ಲೇ ಹಿಗ್ಗಾಮುಗ್ಗಾ ಬೈದರೆ ಅವರೇ ಹೋಳಿಗೆ ಬಿಟ್ಟು ನಗುತ್ತಿದ್ದರಂತೆ. ನಮ್ಮ ಮದುವೆಯಲ್ಲಿ ನನ್ನ ಮೂಗಿನ ಮೇಲೆ ಅವರು ಕಟ್ಟಿದ ಪದವನ್ನು ನಮ್ಮ ನೆಂಟರು ಇನ್ನೂ ನೆನೆಸಿಕೊಳ್ಳುತ್ತಾರೆ. ಮಾವನವರು ಹೋದ ಮೇಲೆ ಅತ್ತೆ ಮದುವೆಮನೆಗಳಲ್ಲಿ ಹಿಂದಿನ ಸಾಲಿಗೆ ಸರಿದುಬಿಟ್ಟರು. ಸೋಬಾನೆ ಮುತ್ತೈದೆಯರು ಹೇಳುವ ಹಾಡಲ್ಲವೇ? ಹಾಡಬೇಡಿ ಎಂದು ಯಾರೂ ಅನ್ನಲಿಲ್ಲ. ಹಾಡಿ ಎಂದು ಕರೆದವರೂ ಇಲ್ಲ. ಅವರು ಬಾಯಿಬಿಟ್ಟು ಏನೂ ಹೇಳಿಕೊಂಡವರಲ್ಲ, ಆದರೆ ಮದುವೆಯಿಂದ ಬಂದ ದಿನ ಮನೆಯಲ್ಲಿ ಪಾತ್ರೆಗಳ ಸದ್ದು ಜಾಸ್ತಿ ಇರುತ್ತಿತ್ತು. ನನಗೆ ಅದು ಸಂಕಟವಾಗುತ್ತಿತ್ತು, ರಾಜೇಶ್ವರಿಗೆ ಇನ್ನೂ ಜಾಸ್ತಿ.

ಹೀಗಿರುವಾಗ ತುಮಕೂರಿನಿಂದ ಕಾರ್ಡು ಮಾಡಿಸಲು ಫೋನು ಮಾಡಿದ್ದ ಹೆಂಗಸೊಬ್ಬರು ರಾಜೇಶ್ವರಿಯ ಹತ್ತಿರ ಅದೂ ಇದೂ ಮಾತಾಡುತ್ತ, ತಮ್ಮ ಮಹಿಳಾ ಮಂಡಳಿಯವರಿಗೆ ಹಳೆಯ ಸೋಬಾನೆ ಪದ ಕಲಿಯುವ ಆಸೆ, ಹೇಳಿಕೊಡುವವರೇ ಇಲ್ಲ ಎಂದರು. "ನಮ್ಮಮ್ಮ ಇದಾರಲ್ಲ!" ಎಂದಳು ಇವಳು. ಭಾನುವಾರ ಬೆಳಿಗ್ಗೆ ಇಂಟರ್‌ನೆಟ್ಟಿನಲ್ಲಿ ಕ್ಲಾಸು ಎಂದು ಆಯಿತು. ಅತ್ತೆ ಮೊದಲು "ಹೋಗೇ, ನಂಗೇನ್ ಬತ್ತದೆ" ಎಂದರು. ಆಮೇಲೆ ಮಧ್ಯಾಹ್ನ ಅಡುಗೆಮನೆಯಲ್ಲಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿತು. ಸಂಜೆಯ ಹೊತ್ತಿಗೆ ಬೀದಿಗೆಲ್ಲ ಸುದ್ದಿ ಹೋಗಿತ್ತು. ಬಿಕ್ಕೋಡಿನಲ್ಲಿರುವ ತಂಗಿಗೂ ಫೋನು ಮಾಡಿ, "ನಾನೀಗ ಮೇಷ್ಟ್ರಮ್ಮ ಕಣೇ" ಎಂದದ್ದನ್ನು ನಾನೇ ಕೇಳಿಸಿಕೊಂಡೆ.

ಮೊದಲು ಫೋನಿನಲ್ಲೇ ಒಂದು ಪರೀಕ್ಷೆ ಮಾಡಿ ನೋಡಿದೆವು. ಆ ಅಂಗೈ ಅಗಲದ ಪರದೆಯಲ್ಲಿ ಮಹಿಳಾ ಮಂಡಳಿಯೆಲ್ಲ ಒಗ್ಗರಣೆಯ ಸಾಸಿವೆಯ ಹಾಗೆ ಕಂಡಿತು. ಅತ್ತೆ ಕನ್ನಡಕ ಏರಿಸಿದರು, ಇಳಿಸಿದರು, ಫೋನನ್ನು ಕಿಟಕಿಯ ಹತ್ತಿರ ಹಿಡಿದರು. "ಇದ್ರಲ್ಲಿ ಯಾರು ಮೂಗು, ಯಾರು ಬೊಟ್ಟು ಒಂದೂ ಗೊತ್ತಾಗಾಕಿಲ್ಲ. ಮುಖ ಕಾಣ್ದಂಗೆ ಹಾಡಕ್ಕೆ ನಾನೇನು ರೇಡಿಯೋನಾ ಅಳಿಯಂದ್ರೆ? ಎದುರಿಗಿರೋರು ನಕ್ರೆ ತಾನೇ ಮುಂದಿನ ಪದ ಬಾಯಿಗ್ ಬರೋದು?" ಎಂದು ಫೋನು ಕೆಳಗಿಟ್ಟರು. ಮಾತು ನ್ಯಾಯವಾಗಿತ್ತು. ಕಂಪ್ಯೂಟರಿನ ದೊಡ್ಡ ಪರದೆಯೇ ಆಗಬೇಕು. ಆದರೆ ಅದರ ಪುರಾತನ ಸಿಸ್ಟಮ್ಮಿನಲ್ಲಿ ಆ ಕ್ಲಾಸಿನ ಪುಟ ತೆರೆಯುವುದೇ ಇಲ್ಲ. ಹೊಸದನ್ನು ಹಾಕಿದರೆ ರಾಜೇಶ್ವರಿಯ ಕಾರ್ಡುಗಳು ಹೋಗುತ್ತವೆ, ಹಾಕದಿದ್ದರೆ ಅತ್ತೆಯ ಹಾಡು ಹೋಗುತ್ತದೆ.

ಆಗ ನಾನು ಎದ್ದು ನಿಂತೆ. ಹಳೆಯದನ್ನು ಹಾಗೇ ಬಿಟ್ಟು ಪಕ್ಕದಲ್ಲೇ ಇನ್ನೊಂದು ಸಿಸ್ಟಮ್ಮು ಹಾಕಬಹುದು, ಶುರುಮಾಡುವಾಗ ಯಾವುದು ಬೇಕೋ ಆರಿಸಿಕೊಂಡರಾಯಿತು ಎಂದು, ಎಲ್ಲೋ ಓದಿದ್ದನ್ನು ನಾನೇ ಕಂಡುಹಿಡಿದವನ ಗತ್ತಿನಲ್ಲಿ ವಿವರಿಸಿದೆ. ರಾಜೇಶ್ವರಿ ನನ್ನನ್ನು ನಮ್ಮಪ್ಪನ ಗಡಿಯಾರವನ್ನು ನೋಡುವ ಹಾಗೆ ನೋಡಿದಳು. ಅತ್ತೆ ಮಾತ್ರ ಕುತೂಹಲದಿಂದ, "ಅಂದ್ರೆ ಒಂದೇ ಮನೇಲಿ ಎರಡು ಒಲೆನಾ?" ಎಂದರು. ಹೌದೆಂದೆ. "ಜಗಳ ಆಡಾಕಿಲ್ವಾ?" ಎಂದರು. "ಒಂದು ಉರೀವಾಗ ಇನ್ನೊಂದು ಆರಿರುತ್ತೆ ಅತ್ತೆ" ಎಂದೆ. "ಹಂಗಾದ್ರೆ ಒಳ್ಳೇ ವಾರಗಿತ್ತೀರು ಬಿಡಿ" ಎಂದು ಒಪ್ಪಿಗೆ ಕೊಟ್ಟರು.

ಬೇಲೂರಿನಲ್ಲಿ ನನ್ನ ಗೆಳೆಯ ಬಸವರಾಜು ಇದ್ದಾನೆ. ಅವನೂ ಮೇಷ್ಟ್ರೇ, ಆದರೆ ಬಿಚ್ಚಿದ್ದನ್ನು ಜೋಡಿಸಲು ಬರುವ ಅಪರೂಪದ ಮೇಷ್ಟ್ರು. ನಮ್ಮ ಕಂಪ್ಯೂಟರಿನ ವಯಸ್ಸು ಕೇಳಿ, ಇದು ಪೆನ್‌ಡ್ರೈವಿನಿಂದ ಎದ್ದೇಳುವ ಜಾತಿಯದಲ್ಲ, ಸೀಡಿಯೇ ಬೇಕು ಎಂದು, ಹೊಸ ಸಿಸ್ಟಮ್ಮನ್ನು ಒಂದು ಸೀಡಿಗೆ ಬರೆದು ಬಸ್ಸಿನಲ್ಲಿ ಯಾರದೋ ಕೈಯಲ್ಲಿ ಕಳಿಸಿಕೊಟ್ಟ. ಅದನ್ನು ಡಿವಿಡಿ ಎನ್ನಬೇಕಂತೆ. ನಮಗೆ ದುಂಡಗೆ ಹೊಳೆಯುವುದೆಲ್ಲ ಸೀಡಿ. ಅತ್ತೆಗೆ ಅದು ತಟ್ಟೆ. ಸಾಯಂಕಾಲ ಬಂದದ್ದನ್ನು ಟಿವಿಯ ಪಕ್ಕ ಇಟ್ಟು, ಮಾರನೆಯ ದಿನ ಸ್ಕೂಲಿನಿಂದ ಬಂದು ಕಾಫಿ ಕುಡಿದು, ಕೈಕಾಲು ತೊಳೆದು, ಸೀಡಿಯನ್ನು ಕಂಪ್ಯೂಟರಿನ ಬಾಯಿಗೆ ಕೊಟ್ಟೆ. ಅದು ಗಿರ್ರೆಂದಿತು. ಕೊರ್ ಕೊರ್ ಎಂದಿತು. ಮುದುಕರು ಬೆಳಿಗ್ಗೆ ಕಫ ಕೆರೆಯುವ ಹಾಗೆ ಒಂದು ಸದ್ದು ಮಾಡಿ, ಈ ಡಿಸ್ಕು ಓದಲು ಬರುವುದಿಲ್ಲ ಎಂದು ಪರದೆಯ ಮೇಲೆ ಬರೆದು ಸುಮ್ಮನಾಯಿತು. ಮತ್ತೆ ಹಾಕಿದೆ. ಮತ್ತೆ ಅದೇ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಮೊದಲು ಸೀಡಿಯನ್ನೇ ಬೈದೆ. ಆಮೇಲೆ ಚಿಕಿತ್ಸೆ ಶುರುವಾಯಿತು. ಓದದ ಸೀಡಿಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಬೇಕೆಂದು ಸ್ಟಾಫ್‌ರೂಮಿನಲ್ಲಿ ಒಬ್ಬರು ಹೇಳಿದರು. ತಿಕ್ಕಿದೆ. ಓದಲಿಲ್ಲ, ಆದರೆ ಮನೆಯಲ್ಲೆಲ್ಲ ಲವಂಗದ ಘಮ ಬಂತು. ಬಾಳೆಹಣ್ಣಿನ ಸಿಪ್ಪೆಯ ಒಳಮೈಯಿಂದ ಉಜ್ಜಬೇಕೆಂದು ಇನ್ನೊಬ್ಬರು ಹೇಳಿದರು. ಹಣ್ಣು ನಾನು ತಿಂದೆ, ಸಿಪ್ಪೆ ಸೀಡಿಗೆ ಕೊಟ್ಟೆ. ಇಬ್ಬರಲ್ಲಿ ನನಗೊಬ್ಬನಿಗೇ ಗುಣ ಕಂಡಿತು. ಎದುರುಮನೆಯ ಕೊಬ್ಬರಿ ವ್ಯಾಪಾರದ ಯಜಮಾನರು ನನ್ನ ಪಾಡು ನೋಡಿ, "ಒಂದ್ ತೊಟ್ಟು ಕೊಬ್ರಿ ಎಣ್ಣೆ ಹಚ್ಚಿ ಮೇಷ್ಟ್ರೇ, ನಮ್ಮೂರಲ್ಲಿ ಅದ್ರಿಂದ ಆಗ್ದೇ ಇರೋದು ಯಾವ್ದೈತೆ?" ಎಂದರು. ಅರಸೀಕೆರೆಯಲ್ಲಿ ಇದ್ದುಕೊಂಡು ಇಲ್ಲ ಎನ್ನಲಾದೀತೇ? ಅದೂ ಆಯಿತು. ಎಣ್ಣೆಯನ್ನು ತೆಗೆಯಲು ಸೀಗೆಪುಡಿ ಹಾಕಿ ತೊಳೆದದ್ದೂ ಆಯಿತು. ಒಟ್ಟಿನಲ್ಲಿ ಒಂದು ಕೂಸಿಗೆ ಆಗಬೇಕಾದ ಎಣ್ಣೆನೀರೆಲ್ಲ ಆ ಸೀಡಿಗೆ ಆಯಿತು. ಅತ್ತೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. ಏನೂ ಹೇಳಲಿಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ದೇವರಿಗೆ ಹರಕೆ ಹೊರುತ್ತಿದ್ದಾರೆ ಎಂದುಕೊಂಡೆ.

ಶುಕ್ರವಾರ ರಜೆ ಹಾಕಿ ಸೀಡಿ ಹಿಡಿದುಕೊಂಡು ಬೇಲೂರಿನ ಬಸ್ಸು ಹತ್ತಿದೆ. ಬ್ಯಾಗಿನಲ್ಲಿಟ್ಟರೆ ಎಲ್ಲಿ ಬಾಗೀತೋ ಎಂದು ಕೈಯಲ್ಲೇ ಹಿಡಿದಿದ್ದೆ. ಜಾವಗಲ್ಲಿನಲ್ಲಿ ಹತ್ತಿ ನನ್ನ ಪಕ್ಕ ಕೂತ ಹಿರಿಯರೊಬ್ಬರು ಅದನ್ನೇ ನೋಡುತ್ತ, "ಕನ್ನಡೀನಾ ಸ್ವಾಮಿ? ಒಸಿ ಕೊಡಿ" ಎಂದು ಇಸಿದುಕೊಂಡು ಹೊಳೆಯುವ ಮಗ್ಗುಲಲ್ಲಿ ಮೀಸೆ ನೋಡಿಕೊಂಡರು. "ಮಬ್ಬು ಮಬ್ಬಾಗಿ ಕಾಣ್ತೈತಲ್ಲ ಸ್ವಾಮಿ" ಎಂದರು. ವಯಸ್ಸಾದ ಮೇಲೆ ಹಾಗೇ, ಒಮ್ಮೆ ಕಣ್ಣು ತೋರಿಸಿಕೊಳ್ಳಿ ಎಂದು ನಾನು ಹಿತವಚನ ಹೇಳಿದೆ. ಹೊಳೆಯುವ ಮೈ ಮಬ್ಬಾದರೆ ಬೆಳಕು ಚೆದುರುತ್ತದೆ ಎಂದು ಹಿಂದಿನ ವಾರವಷ್ಟೇ ಒಂಬತ್ತನೆಯ ತರಗತಿಗೆ ಪಾಠ ಮಾಡಿದ್ದೆ. ಪಾಠ ಮಕ್ಕಳಿಗೆ ಮಾಡುವುದು, ನಾವು ಕೇಳಿಸಿಕೊಳ್ಳುವುದಕ್ಕಲ್ಲ. ಹಳೇಬೀಡಿನಲ್ಲಿ ಇಳಿಯುವಾಗ ಅವರು ಸೀಡಿ ವಾಪಸು ಕೊಟ್ಟು, ಕಣ್ಣಿನ ಡಾಕ್ಟರು ಹಾಸನದಲ್ಲಿ ಎಲ್ಲಿದ್ದಾರೆ ಎಂದು ಕೇಳಿಕೊಂಡು ಹೋದರು. ಅವರಿಗೆ ನಾನು ಕ್ಷಮೆ ಕೇಳಬೇಕಾಗಿದೆ.

ಬಸವರಾಜು ಕನ್ನಡಕದವನು. ಯಾವುದನ್ನೇ ನೋಡುವ ಮುಂಚೆ ಕನ್ನಡಕ ಒರೆಸುತ್ತಾನೆ, ಅದೇ ಬಟ್ಟೆಯಲ್ಲಿ ಕೈಗೆ ಸಿಕ್ಕ ಇನ್ನೇನಿದ್ದರೂ ಒರೆಸುತ್ತಾನೆ. ಮಾತಾಡುತ್ತಲೇ ಸೀಡಿಯನ್ನೂ ಒರೆಸಿ ತನ್ನ ಕಂಪ್ಯೂಟರಿಗೆ ಹಾಕಿದ. ಅದು ಗಟಗಟನೆ ಓದಿಬಿಟ್ಟಿತು.

"ಏನ್ಲಾ ಶಂಕ್ರ, ಚೆನ್ನಾಗೇ ಐತಲ್ಲೋ!"

"ನಮ್ಮನೇಲಿ ಓದ್ತಿಲ್ಲ ಕಣ್ಲಾ."

"ನಿಮ್ಮನೇಲಿ ಮೇಷ್ಟ್ರಿಗೆ ಹೆದರಿಕೊಂಡಿರಬೇಕು" ಎಂದು ನಕ್ಕ. ಆದರೂ ಒಳ್ಳೆಯವನು. ವೇಗವಾಗಿ ಬರೆದ ಸೀಡಿ ಹಳೆಯ ಯಂತ್ರಕ್ಕೆ ಓದಲು ಕಷ್ಟವಾಗಬಹುದು ಎಂದು ಇನ್ನೊಂದನ್ನು ನಿಧಾನಕ್ಕೆ ಬರೆದುಕೊಟ್ಟ. ಅದು ಬರೆಯುವಷ್ಟು ಹೊತ್ತು ಅವನ ಮನೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದೆ. ಎರಡು ಸೀಡಿ ಎದೆಗವಚಿಕೊಂಡು ಮನೆಗೆ ಬಂದೆ. ಸುಸ್ತಾಗಿತ್ತು; ಬೆಳಿಗ್ಗೆ ನೋಡೋಣವೆಂದು ಟಿವಿಯ ಪಕ್ಕ ಇಟ್ಟು ಮಲಗಿದೆ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದು ಹಾಕಿದರೆ, ಗಿರ್ರ್, ಕೊರ್ ಕೊರ್, ಅದೇ ಕಫ, ಅದೇ ಬರಹ. ಎರಡೂ ಓದಲಿಲ್ಲ. ಬೇಲೂರಿನಲ್ಲಿ ಓದುವ ಸೀಡಿ ಅರಸೀಕೆರೆಯಲ್ಲಿ ಓದುವುದಿಲ್ಲವೆಂದರೆ ಏನರ್ಥ? ಅಲ್ಲಿಯ ಗಾಳಿ ಬೇರೆ, ಇಲ್ಲಿಯ ನೀರು ಬೇರೆ ಎನ್ನಲು ಇದೇನು ಮೆಣಸಿನ ಬಳ್ಳಿಯೇ?

ಬಸವರಾಜುವಿಗೆ ಫೋನು ಮಾಡಿದೆ. "ಹಂಗಾದ್ರೆ ಸೀಡಿದಲ್ಲ ಕಣ್ಲಾ, ಓದೋ ಡ್ರೈವೇ ಹೋಗೈತೆ. ಅಂಗಡಿಗೆ ಕೊಡು" ಎಂದ. ಅಂಗಡಿ! ವಂಶದ ಮಾನ ಹೋದರೂ ಹೋಗಲಿ ಎಂದು ಅಂಗಡಿಗೂ ಓಡಿದೆ. ಇಡೀ ಪೆಟ್ಟಿಗೆ ಬಿಟ್ಟುಹೋಗಿ, ಬುಧವಾರ ನೋಡೋಣ, ಫಾರ್ಮ್ಯಾಟ್ ಮಾಡಬೇಕಾಗಬಹುದು ಎಂದರು. ಫಾರ್ಮ್ಯಾಟ್ ಎಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ರಾಜೇಶ್ವರಿ ಅದನ್ನು ಕೇಳಿದ್ದೇ ಮುಂದಿನ ತಿಂಗಳ ವಧುವರರೆಲ್ಲ ಅವಳ ಕಣ್ಣ ಮುಂದೆ ಚೌಕಗಳಾಗಿ ಬಂದು ನಿಂತರು. ಕೊನೆಗೆ ಅವಳು ಮೆಲ್ಲಗೆ, "ಅಮ್ಮಾ, ನಾಳೆಯ ಕ್ಲಾಸು ಬೇಡ ಅಂತ ಹೇಳಿಬಿಡಲಾ?" ಎಂದಳು.

ಅತ್ತೆ ಹುರಳಿಕಾಯಿ ಸೋಸುತ್ತಿದ್ದರು. ತಲೆಯೆತ್ತಲಿಲ್ಲ. "ಹೇಳ್ಬುಡು ಮಗ. ನಂಗೂ ಅರ್ಧಂಬರ್ಧ ಮರ್ತೋಗೈತೆ. ಹೋದ ಕಾಲ ಹೋಯ್ತು" ಎಂದರು. ಬೀದಿಯಲ್ಲಿ ಯಾರೋ "ಗಂಗಮ್ಮಾ, ನಾಳೆ ತಾನೇ ನಿಮ್ ಪಾಠ?" ಎಂದು ಕೂಗಿದ್ದಕ್ಕೆ ಅತ್ತೆ ಎದ್ದು ಬೀದಿಬಾಗಿಲು ಮುಚ್ಚಿ ಬಂದರು. ಆ ಸಂಜೆ ಪಾತ್ರೆಗಳ ಸದ್ದೂ ಇರಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ. ತಡಿ, ನಾಳೆ ಬೆಳಿಗ್ಗೆಯವರೆಗೆ ಹೇಳಬೇಡ ಎಂದು ರಾಜೇಶ್ವರಿಗೆ ಹೇಳಿದೆ. ಬೆಳಗಾದರೆ ಏನು ಕಡಿದು ಕಟ್ಟೆ ಹಾಕುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನೀರು ಬಿಡುವ ಸದ್ದಿಗೆ ಎಚ್ಚರವಾಗಿ ಕೊಡ ತುಂಬಿಸಲು ಎದ್ದೆ. ದೇವರಮನೆಯಿಂದ ದನಿ ಬರುತ್ತಿತ್ತು. ಮೆತ್ತಗೆ, ಆದರೆ ಎಲ್ಲೂ ತಡವರಿಸದೆ, ಒಂದೊಂದು ಸಾಲಿನ ಕೊನೆಯಲ್ಲೂ ಸೋಬಾನೆ ಎನ್ನುತ್ತ. ಮಾವನವರು ಹೋದ ಮೇಲೆ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ. ಹೊಸಿಲ ಮೇಲೆ ಅಕ್ಕಿ ಸೇರು ಇಟ್ಟಿದೆ, ಬಲಗಾಲಿಟ್ಟು ಒಳಗೆ ಬಾರವ್ವ, ಮೊದಲು ಬಂದವಳ ಸಂಗಡ ಅಕ್ಕತಂಗಿಯರಂತೆ ಬಾಳವ್ವ ಎಂದು ಹಾಡು. ಕೊಡ ಹಿಡಿದುಕೊಂಡೇ ಹತ್ತಿರ ಹೋದೆ. ಇಣುಕಿ ನೋಡಿದೆ. ಅತ್ತೆ ಮಡಿಯುಟ್ಟು ಕೂತಿದ್ದಾರೆ. ಎದುರಿಗೆ ಹೂವಿನ ನಡುವೆ ನನ್ನ ಎರಡೂ ಸೀಡಿ ಹೊಳೆಯುವ ಮುಖ ಮೇಲೆ ಮಾಡಿಕೊಂಡು ಮಲಗಿವೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಿನಿಂದ ಒಂದೊಂದಕ್ಕೂ ಅಚ್ಚುಕಟ್ಟಾಗಿ ಮೂರು ಪಟ್ಟೆ ಎಳೆದರು, ಕೈ ಮುಗಿದರು. ಒಣಗುವವರೆಗೆ ಹಾಡಿದರು. ಆಮೇಲೆ ಸೆರಗಿನ ತುದಿಯಿಂದ ಗುಂಡಗೆ, ನಯವಾಗಿ, ಸೀಡಿಯ ಮೈಯೆಲ್ಲ ಒರೆಸಿ, ಕವರಿಗೆ ಹಾಕಲು ಹೊರಟರು.

ನಾನು ಕೊಡ ಕೆಳಗಿಟ್ಟೆ. ಸದ್ದಿಗೆ ತಿರುಗಿದ ಅತ್ತೆ ಬೆಚ್ಚಿಬಿದ್ದರು.

"ದಿನಾ ಹಚ್ತಿದ್ರಾ ಅತ್ತೆ?"

"ಬಂದ ದಿನದಿಂದ್ಲೂ. ನೀವು ಸೈನ್ಸಿನೋರು, ನೋಡಿದ್ರೆ ನಗ್ತೀರಾ ಅಂತ ಒರ್ಸಿ ಇಡ್ತಿದ್ದೆ" ಎಂದರು. ಸೀಡಿಗಳನ್ನು ಮತ್ತೆ ಹೂವಿನ ನಡುವೆ ಇಟ್ಟು ಮುಂದುವರಿಸಿದರು. "ಮನೆಗೆ ಹೊಸ್ದಾಗಿ ಬಂದಿದ್ದನ್ನ ಸುಮ್ನೆ ಒಳಗ್ ಕರ್ಕೊಂತಾರಾ ಅಳಿಯಂದ್ರೆ? ಮದ್ವೆ ಮನೇಲಿ ನಾನು ಬಾಯ್ಬಿಟ್ರೆ ಜನ ಏನಂತಾರೋ. ಈ ತಟ್ಟೆ ಏನೂ ಅನ್ನಾಕಿಲ್ವಲ್ಲ. ಹಾಡ್ಕೊಂಡೆ."

ನನಗೆ ನಗು ಬರಲಿಲ್ಲ. ಅವರ ಪಕ್ಕದಲ್ಲಿ ಕೂತು, "ಹಚ್ಚಿದ್ದು ತಪ್ಪಲ್ಲ ಅತ್ತೆ, ಹಚ್ಚಿದ ಜಾಗ ತಪ್ಪಾಗಿದೆ" ಎಂದೆ. ಹೊಳೆಯುವ ಮಗ್ಗುಲು ಇದರ ಮುಖವಲ್ಲ, ಅಕ್ಷರವೆಲ್ಲ ಇರುವುದು ಅಲ್ಲೇ. ಒಳಗೆ ಒಂದು ಸಣ್ಣ ಗಾಜಿನ ಕಣ್ಣು ಕೂತು ಅದನ್ನು ಓದುತ್ತದೆ. ಬೂದಿಯ ಮುಸುಕು ಇದ್ದರೆ ಅದಕ್ಕೆ ಕಾಣುವುದಿಲ್ಲ ಎಂದು, ಒಂಬತ್ತನೆಯ ತರಗತಿಗೆ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದೆ. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯಯ್ಯಪ್ಪಾ, ಓದೋ ಕಣ್ಣಿಗೇ ಬೂದಿ ಎರಚ್ಬುಟ್ನಾ? ಶಿವನೇ! ನನ್ ಕೈಯಾರೆ ನಾನೇ ಕೆಡಿಸ್ಕೊಂಡ್ನಲ್ಲ!" ಎಂದವರು ಮರುಕ್ಷಣವೇ ನನ್ನ ಮುಂಗೈ ಹಿಡಿದರು. "ನಿಮ್ ದಮ್ಮಯ್ಯ, ರಾಜಿಗೆ ಹೇಳ್ಬ್ಯಾಡಿ. ಅವ್ಳು ಸಾಯೋಗಂಟ ಆಡ್ಕೊಂತಾಳೆ." ಹೇಳುವುದಿಲ್ಲವೆಂದು ದೇವರ ಮುಂದೆ ಮಾತು ಕೊಟ್ಟೆ. ನಿಮಗೆ ಹೇಳುತ್ತಿದ್ದೇನೆ, ನಿಜ. ರಾಜೇಶ್ವರಿ ಲಗ್ನಪತ್ರಿಕೆ ಬಿಟ್ಟು ಬೇರೇನೂ ಓದುವುದಿಲ್ಲ ಎಂಬ ಧೈರ್ಯ.

ಬಸವರಾಜುವನ್ನು ಫೋನಿನಲ್ಲಿ ಎಬ್ಬಿಸಿದೆ. ವಿಷಯ ಕೇಳಿ ಅವನು ನಕ್ಕ ನಗು ಚೆನ್ನಕೇಶವನಿಗೂ ಕೇಳಿಸಿರಬೇಕು. ನಕ್ಕು ಮುಗಿದ ಮೇಲೆ, "ಸೀಡಿ ಜೋರಾಗಿ ತಿರುಗುವಾಗ ಬೂದಿಯೆಲ್ಲ ಒಳಗೆ ಹಾರಿರ್ತದೆ ಕಣ್ಲಾ. ಸೀಡಿ ತೊಳೆದ್ರೆ ಸಾಲ್ದು, ಒಳಗಿನ ಕಣ್ಣನ್ನೂ ಒರೆಸು. ಹತ್ತಿ, ಸ್ಪಿರಿಟ್ಟು, ಮೆತ್ತಗೆ. ನಿಮ್ಮಪ್ಪನ ಥರ ಮಾಡ್ಬೇಡ" ಎಂದ. ಅತ್ತೆ ಮಗುವಿಗೆ ಸ್ನಾನ ಮಾಡಿಸುವ ಹಾಗೆ ಎರಡೂ ಸೀಡಿಗಳನ್ನು ನೀರಿನಲ್ಲಿ ತೊಳೆದು, ಹಳೆಯ ಮೆತ್ತನೆಯ ಪಂಚೆಯಲ್ಲಿ ಒತ್ತಿ ಒರೆಸಿದರು. ನಾನು ಡ್ರೈವನ್ನು ಬಿಚ್ಚಿದೆ. ಒಳಗೆ ಮಸೂರದ ಮೇಲೆ ತೆಳ್ಳಗೆ ಬೂದಿ ಕೂತಿತ್ತು. ಅತ್ತೆ ಹೊಸೆದುಕೊಟ್ಟ ಹತ್ತಿಯ ಬತ್ತಿಯಿಂದಲೇ ಅದನ್ನು ಒರೆಸಿದೆ. ಮತ್ತೆ ಜೋಡಿಸಿದೆ. ಒಂದು ತಿರುಪು ಮಿಕ್ಕಿತು. ಅದನ್ನು ಜೇಬಿಗೆ ಹಾಕಿಕೊಂಡೆ. ರಾಜೇಶ್ವರಿ ಎದ್ದು ಬಂದು "ಏನಾಗ್ತಿದೆ ಇಲ್ಲಿ?" ಎಂದಾಗ ನಾವಿಬ್ಬರೂ ಒಟ್ಟಿಗೇ "ಏನಿಲ್ಲ" ಎಂದೆವು.

ಸೀಡಿ ಹಾಕಿದೆ. ಗಿರ್ರ್ ಎಂದಿತು. ಕೊರ್ ಎನ್ನಲಿಲ್ಲ. ಪರದೆಯ ಮೇಲೆ ಹೊಸ ಸಿಸ್ಟಮ್ಮಿನ ಬಣ್ಣದ ಪುಟ ಅರಳಿತು. ಅತ್ತೆ "ಕಣ್ಬುಡ್ತು ಕಣ್ರೀ!" ಎಂದು ಚಪ್ಪಾಳೆ ತಟ್ಟಿದರು. ಮುಂದೆ ಒಂದು ಕಡೆ ಅದು ನಿಂತು ಕೇಳಿತು: ಎಲ್ಲ ಅಳಿಸಿ ಹೊಸದನ್ನು ಹಾಕಲೋ, ಹಳೆಯದರ ಪಕ್ಕದಲ್ಲಿ ಹಾಕಲೋ? ರಾಜೇಶ್ವರಿ ನನ್ನ ಹಿಂದೆ ನಿಂತು ಉಸಿರು ಬಿಗಿಹಿಡಿದದ್ದು ನನ್ನ ಕುತ್ತಿಗೆಗೆ ಗೊತ್ತಾಯಿತು. "ರೀ, ಸರಿಯಾಗಿ ಓದ್ರೀ. ಇನ್ನೊಂದ್ಸಲ ಓದ್ರೀ" ಎಂದಳು. ಜೋರಾಗಿ ಓದಿದೆ. ಪಕ್ಕದಲ್ಲಿ ಎಂಬುದನ್ನೇ ಒತ್ತಿದೆ. ಹತ್ತು ಗಂಟೆಯ ಕ್ಲಾಸಿಗೆ ಇನ್ನೂ ಸಮಯ ಇರುವಾಗಲೇ ಕೆಲಸ ಮುಗಿದು, ಕಂಪ್ಯೂಟರು ಎದ್ದು, ಹಳೆಯದೋ ಹೊಸದೋ ಎಂದು ವಿನಯದಿಂದ ಕೇಳಿತು. ಮೊದಲು ಹಳೆಯದನ್ನು ತೆರೆದು ನೋಡಿದೆವು. ವಧುವರರೆಲ್ಲ ಕ್ಷೇಮವಾಗಿದ್ದರು. ರಾಜೇಶ್ವರಿ ನಮ್ಮ ದಾಂಪತ್ಯದಲ್ಲಿ ಅಪರೂಪಕ್ಕೆ ಬರುವ ಒಂದು ನೋಟದಿಂದ ನನ್ನನ್ನು ನೋಡಿ, ಅಂತೂ ಹೇಗೆ ಸರಿಮಾಡಿದಿರಿ ಎಂದು ಕೇಳಿದಳು. ಮಸೂರಕ್ಕೆ ಧೂಳು ಕೂತಿತ್ತು ಎಂದೆ. ಅತ್ತೆ ಛಾವಣಿ ನೋಡುತ್ತಿದ್ದರು.

ಕ್ಲಾಸಿಗೆ ಅತ್ತೆ ಹಸಿರು ರೇಷ್ಮೆ ಸೀರೆ ಉಟ್ಟು ಬಂದರು. ಪರದೆಯ ತುಂಬ ಮುಖಗಳು ಮೂಡಿದವು. ತುಮಕೂರಿನವರು, ತಿಪಟೂರಿನವರು, ಶಿವಮೊಗ್ಗದ ಒಬ್ಬ ಸೊಸೆ. ಅತ್ತೆ ಒಂದೊಂದು ಮುಖವನ್ನೂ ಬೆರಳಿಟ್ಟು ಮಾತಾಡಿಸಿದರು. "ನಿಮ್ ಓಲೆ ಚೆನ್ನಾಗೈತೆ ಕಣವ್ವ. ನೀನ್ಯಾಕೆ ತಾಯಿ ಸಪ್ಪಗಿದ್ದೀಯ?" ಆಮೇಲೆ ಹಾಡಿದರು. ದೇವರಮನೆಯ ಮೆತ್ತನೆಯ ದನಿಯಲ್ಲ, ಜಾವಗಲ್ಲಿನ ಚಪ್ಪರದ ದನಿ. ಬೀದಿಯವರು ಕಿಟಕಿಯಲ್ಲಿ ಬಂದು ನಿಂತರು. ರಾಜೇಶ್ವರಿ ಬಾಗಿಲಿಗೆ ಒರಗಿಕೊಂಡು ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ. ಅಷ್ಟರಲ್ಲಿ ಪರದೆಯಿಂದ ಒಬ್ಬಾಕೆ, "ಅಜ್ಜಿ, ಬೀಗರನ್ನ ಆಡ್ಕೊಳ್ಳೋ ಪದ ಒಂದು ಹೇಳಿ" ಎಂದು ಕೇಳಿದಳು. ಅತ್ತೆ ಒಂದು ಗಳಿಗೆ ಯೋಚಿಸಿ, ವಾರೆಗಣ್ಣಿನಿಂದ ನನ್ನನ್ನು ನೋಡಿದರು. ಆ ನೋಟ ನನಗೆ ನನ್ನ ಮದುವೆಯ ದಿನದಿಂದ ಪರಿಚಯ.

ಹಲ್ಲಿಗೆ ಹಚ್ಚೋದ ತಟ್ಟೀಗೆ ಹಚ್ಚ್ಯಾನೆ
ಬಲ್ಲವ ನಮ್ಮ ಅಳಿಮಯ್ಯ, ಸೋಬಾನೆ
ಕಲ್ಲಿನ ಬೊಂಬೆ ನಕ್ಕಾವೆ!

ಹೆಂಗಸರು ಬಿದ್ದು ಬಿದ್ದು ನಕ್ಕರು. ಕಿಟಕಿಯಲ್ಲಿದ್ದ ಕೊಬ್ಬರಿ ಯಜಮಾನರು ಕಂಬಿಯೊಳಗಿಂದ ಕೈಹಾಕಿ ನನ್ನ ಬೆನ್ನಿಗೆ ಗುದ್ದಿದರು. ಎರಡನೆಯ ಪದದಲ್ಲಿ ಬಾಳೆಯ ಸಿಪ್ಪೆ ಬಂತು, ಮೂರನೆಯದರಲ್ಲಿ ಸೀಗೆಪುಡಿಯ ಅಭ್ಯಂಜನ. ಬಾಗಿಲಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದದ್ದು ಹರಕೆಯಲ್ಲ, ಪದ ಕಟ್ಟುತ್ತಿದ್ದದ್ದು ಎಂದು ಆಗ ಗೊತ್ತಾಯಿತು. ವಿಭೂತಿಯ ಪದ ಬರಲೇ ಇಲ್ಲ. ನನ್ನ ಬಾಯಿಗೆ ನಾನೇ ದೇವರ ಮುಂದೆ ಬೀಗ ಹಾಕಿಕೊಂಡಿದ್ದೆನಲ್ಲ, ನಗುತ್ತ ನಿಂತೆ. ಕ್ಲಾಸಿನ ಹೆಂಗಸರೆಲ್ಲ ಮೊದಲು ಬಾಯಿಪಾಠ ಮಾಡಿದ್ದು ಈ ಅಳಿಯನ ಪದಗಳನ್ನೇ.

ಮೊನ್ನೆ ಮಾಲೇಕಲ್ಲಿನ ಬೆಟ್ಟದ ಕೆಳಗಿನ ಛತ್ರದಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದೆ, ಹೋಳಿಗೆಗೆ ತುಪ್ಪ ಬಿದ್ದಿತ್ತು. ಹೆಣ್ಣಿನ ಕಡೆಯ ಹುಡುಗಿಯರು ಬೀಗರನ್ನು ಆಡಿಕೊಳ್ಳಲು ಎದ್ದು ನಿಂತು ಹಲ್ಲಿಗೆ ಹಚ್ಚೋದ ಎಂದು ಶುರುಮಾಡಿದರು. ತುಮಕೂರಿನ ಚಿಕ್ಕಮ್ಮ ಯಾರೋ ಕಲಿಸಿದ್ದಂತೆ. ಎರಡನೆಯ ಪದದ ನಡುವೆ ಮರೆತು ಕಿಸಕ್ಕನೆ ನಕ್ಕು ನಿಂತುಬಿಟ್ಟರು. ಆಗ ಹಿಂದಿನ ಸಾಲಿನಲ್ಲಿ ಕೂತಿದ್ದ ಅತ್ತೆಯ ಬಾಯಿಂದ ಉಳಿದ ಸಾಲು ತಾನಾಗಿ ಹೊರಬಿತ್ತು. ಅತ್ತೆ ಗಾಬರಿಯಾಗಿ ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗ ಹುಡುಗಿಯರೆಲ್ಲ ತಿರುಗಿ ನೋಡಿದರು. ಮದುಮಗಳೇ ಎದ್ದು, ಬಾಸಿಂಗದ ಸಮೇತ ಹಿಂದಿನ ಸಾಲಿಗೆ ಹೋಗಿ, "ಅಜ್ಜಿ, ನಿಮಗ್ ಬತ್ತದಾ? ಬನ್ನಿ ಮುಂದಕ್ಕೆ, ನೀವೇ ಹೇಳ್ಕೊಡಿ" ಎಂದು ಕೈಹಿಡಿದು ಎಳೆದುಕೊಂಡು ಬಂದಳು. ಯಾರೂ ಏನೂ ಅನ್ನಲಿಲ್ಲ. ಅತ್ತೆ ಪಂಕ್ತಿಯ ಮುಂದೆ, ಮುತ್ತೈದೆಯರ ನಡುವೆ ನಿಂತು, ಮೊದಲನೆಯ ಪದದಿಂದ ಕೊನೆಯ ಪದದವರೆಗೆ ಛತ್ರದ ಹೆಂಚು ಹಾರುವ ಹಾಗೆ ಹಾಡಿದರು. ನಾನು ಎಲೆಯ ಮುಂದೆ ಕೂತು ಎಲ್ಲರಿಗಿಂತ ಜೋರಾಗಿ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಪಕ್ಕದ ಎಲೆಯವರು ಹೋಳಿಗೆ ಮುರಿಯುತ್ತ, "ಯಾರ್ ಸ್ವಾಮಿ ಆ ಬೆಪ್ಪುತಕ್ಕಡಿ ಅಳಿಯ?" ಎಂದು ಕೇಳಿದರು.

"ಯಾರೋ ಬೇಲೂರಿನ ಕಡೆಯವರಂತೆ" ಎಂದೆ.